ಕೇಳುವ ಆಟದಲ್ಲಿ ನಿನ್ನ ಸರದಿ

ಪುಟ್ಟೀ,

ಗ್ರಂಥಾಲಯಕ್ಕೆ ಹೊರಟಿದ್ದೇನೆ, ಬರುವುದು ಸಂಜೆಯಾಗುತ್ತದೆ. ಊಟ ಬಿಸಿ ಮಾಡಿಕೋ. ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದು ಮುಗಿಸಬೇಡ.

ನಮ್ಮ ಕಟ್ಟಡದ ಆಟದಲ್ಲಿ ಇವತ್ತು ನಿನ್ನ ಸರದಿ. ನಿನ್ನ ಪರವಾಗಿ ನಾನೇ ಚೀಟಿ ಎತ್ತಿದೆ: ಮೇಲಿನ ಮನೆಯ ಗಡಿಯಾರ ರಿಪೇರಿಯವರ ಹೆಸರು ಬಂತು. ಅವರ ಬಾಗಿಲು ತಟ್ಟಿ ಏನಾದರೂ ಸಹಾಯ ಕೇಳಬೇಕು. ಕೊಡುವುದಕ್ಕೆ ಏನೂ ಒಯ್ಯುವಂತಿಲ್ಲ. ಮೊದಲು ನಾನು ಇದನ್ನು ಕೊಡುವ ಆಟವಾಗಿ ಮಾಡಿ ಕೆಟ್ಟೆ, ನೆನಪಿದೆಯಲ್ಲ? ಎಲ್ಲರೂ ಬಾಗಿಲಲ್ಲಿ ಹಣ್ಣಿಟ್ಟು, ಬೆಲ್ ಒತ್ತಿ ಓಡಿಹೋದರು. ಕೇಳಬೇಕೆಂದರೆ ನಿಂತು ಮಾತಾಡಲೇಬೇಕು.

"ನನಗೇನೂ ಬೇಡ ಅಕ್ಕಾ" ಅನ್ನಬೇಡ. ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡಿದ್ದೀಯಲ್ಲ, ಬಿದ್ದುಹೋದ ಅದರ ತಿರುಪು ಹಾಕಿಕೊಡುವುದು ಅವರಿಗೆ ಯಾವ ಲೆಕ್ಕ?

ನಿನ್ನ ಯಜಮಾನರು ಹೋದಮೇಲೆ ಇಲ್ಲಿಗೆ ಬಂದವಳು ಇನ್ನೂ ಹೊಸ್ತಿಲು ದಾಟಿಲ್ಲ. ಆದರೆ ಮೊನ್ನೆ ಎದುರುಮನೆ ಟೀಚರು ನಿನ್ನ ಚೀಟಿ ಎತ್ತಿ, ಪರದೆಯ ಅಂಚು ಹೊಲಿಯುವುದನ್ನು ಹೇಳಿಕೊಡಿ ಎಂದು ಬಂದಾಗ, "ಅದು ಸೂಜಿ ಕಣಮ್ಮಾ, ಹಾರೆ ಹಿಡಿದ ಹಾಗೆ ಹಿಡ್ಕೊಂಡಿದ್ದೀಯಲ್ಲ!" ಎಂದು ನೀನು ನಕ್ಕಿದ್ದು ಒಳಕೋಣೆಗೆ ಕೇಳಿಸಿತು. ನಾನು ಬೇಕೆಂದೇ ಎದ್ದು ಬರಲಿಲ್ಲ. ಅವಳು ಬಂದು ಕೇಳಿದ್ದರಿಂದ ನಿನಗೆ ಎಷ್ಟು ಒಳ್ಳೆಯದಾಯಿತೋ, ನೀನು ಹೋಗಿ ಕೇಳಿದರೆ ಮೇಲಿನ ಮನೆಯವರಿಗೂ ಅಷ್ಟೇ ಆಗುತ್ತದೆ. ಅವರ ಮನೆಯಲ್ಲೂ ಮಾತಿಗೆ ಯಾರಿಲ್ಲ.

ನೀನು ಹೋಗುತ್ತೀ, ನನಗೆ ಗೊತ್ತು. ಇರುವ ಒಂದೇ ಬೀಗದ ಕೈಯನ್ನು ನಿನಗೇ ಬಿಟ್ಟಿದ್ದೇನೆ. ನಾನು ಬಂದಾಗ ಬಾಗಿಲಿಗೆ ಬೀಗವಿರುತ್ತದೆಂದು ಗಾಬರಿಯಾಗಿ ಮಾತು ಬಿಟ್ಟು ಇಳಿದು ಬರಬೇಡ. ಎಷ್ಟು ಹೊತ್ತಾದರೂ ಮೆಟ್ಟಿಲ ಮೇಲೆ ಖುಷಿಯಾಗಿ ಕೂತಿರುತ್ತೇನೆ.

ಅಕ್ಕ