ನಲ್ಲಿಗೆ ಹಿಡಿದ ಸ್ಪಂಜು

ಅತ್ತೆ,

ಇವತ್ತು ನಿಮ್ಮ ಮಗ ಮೀನಿನ ತೊಟ್ಟಿ ತೊಳೆಯಲು ಹೊರಟಿದ್ದರು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದದ್ದೇ ತಡ, ಓಡಿಹೋಗಿ ಕಿತ್ತುಕೊಂಡೆ. "ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡ್ಬೇಕು ರೀ. ಆ ಕೊಳೆಯಲ್ಲೇ ಮೀನಿನ ಜೀವ ಇರೋದು. ನೀರೂ ಅಷ್ಟೇ, ಕಾಲು ಭಾಗ ಬದಲಾಯಿಸಿದ್ರೆ ಸಾಕು" ಅಂದೆ. ಥೇಟ್ ನಿಮ್ಮದೇ ದನಿ.

ನೀವು ಆಸ್ಪತ್ರೆಯಲ್ಲಿದ್ದಾಗ, ಬರುವಷ್ಟರಲ್ಲಿ ತೊಟ್ಟಿ ಫಳಫಳ ಹೊಳೆಯಲಿ ಎಂದು ಕಲ್ಲು, ಗಿಡ, ಸ್ಪಂಜು ಎಲ್ಲವನ್ನೂ ನಲ್ಲಿ ನೀರಲ್ಲಿ ತಿಕ್ಕಿದ್ದೆ. ನಾಲ್ಕೇ ದಿನಕ್ಕೆ ಏಳೂ ಮೀನು ಸತ್ತವು. ಅಂಗಡಿಯಿಂದ ಅಂಥವೇ ಏಳು ತಂದು ಬಿಟ್ಟು, ಬಾಯಿಗೆ ಬೀಗ ಹಾಕಿಕೊಂಡೆ. ನೀವು ಮನೆಗೆ ಬಂದವರೇ ಕುರ್ಚಿ ಎಳೆದುಕೊಂಡು ಕೂತು ತುಂಬ ಹೊತ್ತು ನೋಡಿದಿರಿ. "ಚೆನ್ನಾಗಿ ನೋಡ್ಕೊಂಡಿದ್ದೀಯ ಕಣೇ" ಅಂದಿರಿ. ಮರುದಿನ, ನಾನು ಕೇಳದಿದ್ದರೂ, ಸ್ಪಂಜು ಹಿಂಡುವುದನ್ನು ಹೇಳಿಕೊಟ್ಟಿರಿ.

ನಿಮ್ಮ ಮಗ ಇವತ್ತು ನಕ್ಕುಬಿಟ್ಟರು. "ಅಮ್ಮ ಆಸ್ಪತ್ರೆಯಿಂದ ಬಂದವತ್ತೇ ಹೇಳಿದ್ರು. ಬಾಲ ಹರಿದ ಮೀನು ಕಾಣಿಸ್ತಿಲ್ಲ, ಅವಳ ಹತ್ರ ಆ ಮಾತೆತ್ತಬೇಡ, ಪಾಪ, ನೊಂದ್ಕೋತಾಳೆ ಅಂತ."

ಆಸ್ಪತ್ರೆಯಿಂದ ಬಂದ ಮೇಲೆ ಎರಡು ವರ್ಷ, ನೀವು ತೀರಿಕೊಳ್ಳುವವರೆಗೂ, ಪ್ರತಿ ಭಾನುವಾರ ನಾವಿಬ್ಬರೂ ಒಟ್ಟಿಗೆ ಕೂತು ತೊಟ್ಟಿಯ ಗಿಡಗಳ ಹಣ್ಣೆಲೆ ಕತ್ತರಿಸಿದೆವು. ಕತ್ತರಿ ನಿಮ್ಮ ಕೈಯಲ್ಲಿ, ಬಟ್ಟಲು ನನ್ನ ಕೈಯಲ್ಲಿ. ಹೇಳಿಬಿಡಲು ಎಷ್ಟೊಂದು ಭಾನುವಾರಗಳಿದ್ದವು ಅತ್ತೆ.

ಹೋದ ವಾರ ಒಂದು ಮೀನು ಸತ್ತುಹೋಯಿತು. ಅದರ ಜಾಗಕ್ಕೆ ಬೇರೆ ತರಲಿಲ್ಲ. ಈಗ ಆರೇ ಇವೆ, ಎಣಿಸಿಕೊಳ್ಳಿ.