ಬರ್ಲಿನ್ ಬಂಗಲೆಯಲ್ಲಿ ಓದಿದ ಪತ್ರ

ರೇಗನ್ಸ್‌ಬರ್ಗ್
೧೪ ಅಕ್ಟೋಬರ್ ೨೦೦೩

ಪ್ರೀತಿಯ ಕೀರ್ತಿ,

ಅಣ್ಣನ ಆಶೀರ್ವಾದ. ಎರಡು ವರ್ಷ ಒಂದು ಸಾಲೂ ಬರೆಯದವನು ಈಗ ಯಾವ ಮುಖ ಹೊತ್ತು ಬರೆಯುತ್ತಾನೆ ಎಂದು ಕೇಳುತ್ತೀಯ. ಕೇಳು. ಕೆಲಸದ ನೆಪ ಹೇಳುವುದಿಲ್ಲ. ಹರಿದು ಬಿಸಾಡುವ ಮೊದಲು ಕೊನೆಯವರೆಗೆ ಓದು, ಅಷ್ಟೇ.

ಜರ್ಮನಿಯವರು ಐದು ವರ್ಷದ ಕೆಲಸಕ್ಕೆಂದು ಕೊಟ್ಟ ನನ್ನ ಗ್ರೀನ್ ಕಾರ್ಡ್ ಮುಗಿಯಲು ಇನ್ನೂ ಮೂರು ವರ್ಷವಿದೆ. ಅವ್ವ ಮೂರು ತಿಂಗಳ ವೀಸಾ ಮೇಲೆ ಬಂದಿದ್ದಾಳೆ. ಇಳಕಲ್ ಸೀರೆಯ ಮೇಲೆ ನನ್ನ ಜಾಕೆಟ್ ತೊಟ್ಟು ಬಸ್ಸಿನಲ್ಲಿ ಸಿಕ್ಕವರನ್ನೆಲ್ಲ ಕನ್ನಡದಲ್ಲೇ ಮಾತನಾಡಿಸುತ್ತಾಳೆ. ದಿನಕ್ಕೊಮ್ಮೆ "ಕೀರ್ತಿ ಫೋನ್ ಮಾಡಿದ್ಳೇನು?" ಎನ್ನುತ್ತಾಳೆ. ನಿನ್ನ ಕೋಲಾರದ ವಿಳಾಸ ಅವಳ ಹತ್ತಿರ ಇಲ್ಲ, ನನ್ನ ಹತ್ತಿರ ಇದೆ.

ಶನಿವಾರ ಅವಳನ್ನು ಬರ್ಲಿನ್‌ಗೆ ಕರೆದುಕೊಂಡು ಹೋದೆ. ಕೈಸರ್ ಚಕ್ರವರ್ತಿಯ ಕಾಲದ ಸರ್ಕಾರಿ ಕಟ್ಟಡಗಳು. ಆಫ್ರಿಕಾದ ವಸಾಹತುಗಳನ್ನು ಇಲ್ಲಿ ಕೂತೇ ಆಳುತ್ತಿದ್ದರಂತೆ. ಕಂಬ ನೋಡಿ ನೋಡಿ ಅವ್ವನಿಗೆ ಸಾಕಾಯಿತು. "ಇಷ್ಟು ದೊಡ್ಡ ಬಾಗಲಾ ಯಾರಿಗೋ, ಆನಿಗೇನು?" ಎಂದಳು.

ಕೊನೆಗೆ ಆ ಕಾಲದ ಒಬ್ಬ ಅಧಿಕಾರಿಯ ಬಂಗಲೆಗೆ ಹೋದೆವು. ಈಗದು ಮ್ಯೂಸಿಯಂ. ಮರದ ನೆಲ ಕೆಡದಿರಲೆಂದು ಬೂಟಿನ ಮೇಲೆ ತೊಡಲು ಉಣ್ಣೆಯ ಚಪ್ಪಲಿ ಕೊಡುತ್ತಾರೆ. "ಮಂದಿ ಮೆಟ್ಟಿದ್ದು ನಾ ಮೆಟ್ಟಂಗಿಲ್ಲ" ಎಂದು ಅವ್ವ ತನ್ನ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ನಡೆದಳು. ನಾನು ನಕ್ಕುಬಿಟ್ಟೆ.

ಅಧಿಕಾರಿಯ ಮೇಜಿನ ಮೇಲೆ ಗಾಜಿನ ಕೆಳಗೆ ೧೯೦೭ರ ಒಂದು ಪತ್ರದ ನಕಲು. ಅವನ ತಮ್ಮ ಆಫ್ರಿಕಾದಲ್ಲಿ ಅಲ್ಲಿಯ ಹೆಣ್ಣನ್ನು ಮದುವೆಯಾಗಿದ್ದ, ಅವನಿಗೆ ಬರೆದದ್ದು. "ಏನ್ ಬರದಾರಪಾ, ಓದಿ ಹೇಳು" ಎಂದಳು ಅವ್ವ. ನಾನು ದೊಡ್ಡ ಜಾಣನ ಹಾಗೆ ಕನ್ನಡದಲ್ಲಿ ಹೇಳುತ್ತಾ ಹೋದೆ: 'ನಮ್ಮ ಮನೆತನಕ್ಕೆ ಮಸಿ ಬಳಿದೆ. ಈ ಬಾಗಿಲು ನಿನಗೆ ಮುಚ್ಚಿತು. ನಿನ್ನ ಮಗು ನಮ್ಮ ರಕ್ತವಲ್ಲ. ಅಮ್ಮನೂ ನಿನ್ನ ಮುಖ ನೋಡುವುದಿಲ್ಲ ಎಂದಿದ್ದಾಳೆ.'

ನಾಲಿಗೆ ಅಲ್ಲೇ ನಿಂತಿತು. ಕೀರ್ತಿ, ನೀನು ಜಾತಿ ಮೀರಿ ಮುನಿಸ್ವಾಮಿಯವರನ್ನು ಮದುವೆಯಾಗಿ, ಮಗು ಹುಟ್ಟಿದೆ ಎಂದು ಬರೆದಾಗ ನಾನು ಕಳಿಸಿದ ಉತ್ತರವೇ ಅದು, ಸಾಲಿಗೆ ಸಾಲು! ನೂರು ವರ್ಷದ ಹಿಂದಿನ ಯಾವನೋ ನನ್ನ ಮಾತನ್ನು ಹೇಗೆ ಬರೆದಿಟ್ಟ?

ಅವ್ವ ಗಾಜನ್ನೇ ನೋಡುತ್ತಿದ್ದಳು. "ಆ ತಾಯಿ ಖರೇನ ಹಂಗ ಅಂದಿದ್ಳೋ, ಇಲ್ಲಾ ಇವನ ಬರದನೋ?"

"ಗೊತ್ತಿಲ್ಲವ್ವಾ."

"ಯಾ ತಾಯಿ ಹಂಗ ಅಂತಾಳೋ? ಇವನ ಬರದಾನ."

ಹೊರಗೆ ಬಂದವಳು ಹೊಸ್ತಿಲು ಮುಟ್ಟಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ರೈಲಿನಲ್ಲಿ ನನ್ನ ಪಕ್ಕ ಬಿಟ್ಟು ಬೇರೆ ಸೀಟಿಗೆ ಹೋಗಿ ಕೂತಳು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಮುನಿಸ್ವಾಮಿಯವರಿಗೆ ನನ್ನ ನಮಸ್ಕಾರ ಹೇಳು, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಮಗು ನೂರು ಕಾಲ ಬಾಳಲಿ. ಅದರ ಹೆಸರೂ ಗೊತ್ತಿಲ್ಲದ ಸೋದರಮಾವ ನಾನು.

ನಿನ್ನ ಅಣ್ಣ,
ಮಲ್ಲಿಕಾರ್ಜುನ

ತಾ.ಕ.: ಅವ್ವ ನಿನ್ನ ಮುಖ ನೋಡುವುದಿಲ್ಲ ಎಂದು ಯಾವತ್ತೂ ಅಂದಿಲ್ಲ. ಆ ಸಾಲು ನನ್ನದು. ನೀನೇ ಅವಳನ್ನು ಬೇಡವೆಂದೆ ಎಂದು ಅವಳಿಗೂ ಹೇಳಿದ್ದೇನೆ. ಮೊಮ್ಮಗು ಇರುವುದೇ ಅವಳಿಗೆ ಗೊತ್ತಿಲ್ಲ. ಈಗ ಎದುರಿಗೇ ಕೂತು ಪಾಲಕ್ ಸೋಸುತ್ತಿದ್ದಾಳೆ. "ಯಾರಿಗೆ ಬರೀಲಿಕ್ಹತ್ತೀಯೋ?" ಎಂದು ಕೇಳಿದಳು. "ಆಫೀಸಿಂದವ್ವಾ" ಎಂದುಬಿಟ್ಟೆ. ಮನೆಯ ಫೋನ್ ನಂಬರ್ ಲಕೋಟೆಯ ಹಿಂದೆ ಬರೆದಿದ್ದೇನೆ. ಹಗಲು ಮಾಡು. ನಾನಿರುವುದಿಲ್ಲ, ಅವಳೇ ಎತ್ತುತ್ತಾಳೆ.