ಬಾಟಲಿಗೆ ಕುಂಕುಮ ಇಟ್ಟ ಸಾಹೇಬರಿಗೆ

ಹಾಸನದ ಔಷಧಿ ಸಸ್ಯ ಪ್ರಯೋಗಾಲಯದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಬಳ್ಳಿಗೆ ರೋಗವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ವಾರ ಚನ್ನರಾಯಪಟ್ಟಣದ ರೈತರ ಸಭೆಯಲ್ಲಿ ತಾವು ಮೈಕಿನ ಮುಂದೆ ನಿಂತು, ಹಳೇಕೋಟೆಯಿಂದ ತಂದ ಮಾಗಳಿ ಬಳ್ಳಿಯಲ್ಲೇ ರೋಗವಿತ್ತು, ಅದಕ್ಕೇ ಬಾಟಲಿಗಳೆಲ್ಲ ಹಾಳಾದವು, ಸೋಮವಾರದಿಂದ ಅವನ್ನು ಎಸೆದು ಅಲಂಕಾರದ ಗಿಡ ಬೆಳೆಸುತ್ತೇವೆ ಎಂದು ಅಪ್ಪಣೆ ಕೊಡಿಸಿದಿರಿ. ಆ ಬಳ್ಳಿ ನಮ್ಮ ಅತ್ತೆ ಮುದ್ದಮ್ಮನವರದು. ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅಂದಿನಿಂದ ಅವರ ಬಾಯಿಗೆ ನಾನು ಮಾಡಿದ ಯಾವ ಸಾರಿಗೂ ಉಪ್ಪು ಖಾರ ಸರಿಯಿಲ್ಲ.

ಮಾಗಳಿ ಬೇರೆಂದರೆ ತಮಗೂ ಬಾಯಲ್ಲಿ ನೀರೂರುತ್ತದಲ್ಲವೆ? ಉಪ್ಪಿನಕಾಯಿಗೂ ಅದೇ, ಔಷಧಿಗೂ ಅದೇ. ಬೇರು ಅಗೆದರೆ ಬಳ್ಳಿ ಉಳಿಯುವುದಿಲ್ಲ. ಎಲ್ಲರೂ ಸೇರಿ ಚಪ್ಪರಿಸಿದ ಫಲವಾಗಿ ನಮ್ಮ ಸುತ್ತಮುತ್ತ ಉಳಿದದ್ದು ಅತ್ತೆಯ ಹೊಲದ ಬಂಡೆ ಪಕ್ಕದ ಒಂದೇ ಬಳ್ಳಿ. ಅದರ ಗೆಣ್ಣು ಕತ್ತರಿಸಿ, ಬಾಟಲಿಯೊಳಗೆ ಸಕ್ಕರೆ ಬೆರೆತ ಆಹಾರದಲ್ಲಿಟ್ಟು, ಒಂದರಿಂದ ನೂರಾರು ಸಸಿ ಮಾಡುತ್ತೇವೆಂದು ತಮ್ಮ ಕಚೇರಿಯ ಯಶಸ್ವಿನಿ ಬಂದು ವಿವರಿಸಿದಾಗ ಅತ್ತೆ ಒಪ್ಪಿದರು. ಆದರೆ ಗಿಡಕ್ಕೆ ಹೇಳದೆ ಕುಡಿ ಮುರಿಯುವ ಪದ್ಧತಿ ಅವರಲ್ಲಿಲ್ಲ. ಹಿಂದಿನ ಸಂಜೆ ಬುಡಕ್ಕೆ ನೀರು ಹಾಕಿ, ಅರಿಶಿನದ ದಾರ ಕಟ್ಟಿ, "ಆಸನಕ್ಕೆ ಓಗ್ಬುಟ್ಟು ಬಾ ಕಣವ್ವ, ಮಕ್ಕಳು ಮರೀನೂ ಕರ್ಕಂಡು ಬಾ" ಎಂದು ಹೇಳಿ ಬಂದರು. ಮಗಳನ್ನು ಕಳಿಸುವವರ ಹಾಗೆ ಕಣ್ಣೊರೆಸಿಕೊಂಡರು ಕೂಡ.

ಬಾಟಲಿಗಳಲ್ಲಿ ಹಸಿರು ಚಿಗುರಿತು. ಆಗ ತಮ್ಮ ಪ್ರಾರಂಭೋತ್ಸವ ಬಂತು; ಬಳ್ಳಿ ಕೊಟ್ಟವರೆಂದು ನಮ್ಮಿಬ್ಬರನ್ನೂ ಕರೆಸಿದ್ದಿರಿ. ಯಶಸ್ವಿನಿಯೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಸ್ಪಿರಿಟ್ಟಿನಲ್ಲಿ ಕೈ ತೊಳೆದು ಒಳಗೆ ಕಾಲಿಡುವ ಕೋಣೆ ಅದು. ಪೂಜೆಯಿಲ್ಲದೆ ಶುರುಮಾಡುವುದುಂಟೆ ಎಂದು ತಾವು ಪರಿವಾರ ಸಮೇತ ನುಗ್ಗಿ, ಕಾಯಿ ಒಡೆದು, ಊದುಬತ್ತಿ ಹಚ್ಚಿ, ಮೇಲಿನ ಕಪಾಟುಗಳ ಬಾಟಲಿಗಳ ಮುಚ್ಚಳ ತೆಗೆದು ಒಂದೊಂದು ಚಿಗುರಿಗೂ ಕುಂಕುಮ, ಅಕ್ಷತೆ ಹಾಕಿದಿರಿ.

"ಸರ್, ಮುಚ್ಚಳ ತೆಗೀಬೇಡಿ, ಬೂಷ್ಟು ಬಂದ್ಬಿಡುತ್ತೆ" ಎಂದಳು ಯಶಸ್ವಿನಿ.

"ಒಳ್ಳೇ ಕೆಲಸದಲ್ಲಿ ಅಪಶಕುನ ನುಡೀಬಾರ್ದಮ್ಮ" ಎಂದಿರಿ ತಾವು.

ನಮ್ಮತ್ತೆ ನನ್ನ ತಿವಿದು, "ನೋಡು, ಎಂಥಾ ದ್ಯಾವ್ರಂಥ ಸಾಯೇಬ್ರು" ಎಂದು ಕೈ ಮುಗಿದರು. ಬೂಷ್ಟಿಗೂ ಹಾಗೇ ಅನ್ನಿಸಿರಬೇಕು. ಬಾಗಿಲು ತೆರೆದು, ಸಕ್ಕರೆಯೂಟಕ್ಕೆ ಕರೆದವರು ಬೇರೆ ಯಾರಿದ್ದಾರೆ? ವಾರ ಕಳೆಯುವುದರೊಳಗೆ ಬಾಟಲಿ ತುಂಬ ಕಪ್ಪು ಬಿಳಿ ಕೂದಲು.

ಆದರೆ ಮಾನ್ಯರೇ, ಬಗ್ಗಿದರೆ ರೇಷ್ಮೆ ಶಲ್ಯ ಜಾರುತ್ತದೆಂದು ತಾವು ಕೆಳಗಿನ ಕಪಾಟಿನ ತಂಟೆಗೆ ಹೋಗಲಿಲ್ಲ. ಅಲ್ಲಿನವೂ ಇದೇ ಬಳ್ಳಿಯ ಗೆಣ್ಣುಗಳು. ಅವು ಇಂದಿಗೂ ಹಚ್ಚಗಿವೆ. ರೋಗ ಬಳ್ಳಿಯಲ್ಲಿದ್ದರೆ, ಅದು ಮೇಲಿನ ಕಪಾಟುಗಳನ್ನೇ ಏಕೆ ಆರಿಸಿಕೊಂಡಿತು? ತಮ್ಮ ಶಲ್ಯದಿಂದ ಉಳಿದವನ್ನು ತಮ್ಮ ಅಪ್ಪಣೆಯಿಂದ ತಿಪ್ಪೆಗೆ ಹಾಕಬೇಕೆ?

ನನ್ನ ಬೇಡಿಕೆ ದೊಡ್ಡದಲ್ಲ. ಕೆಳಗಿನ ಕಪಾಟನ್ನೂ ಕೋಣೆಯ ಬೀಗದ ಕೈಯನ್ನೂ ಯಶಸ್ವಿನಿಗೆ ಬಿಟ್ಟುಕೊಡಿ. ಬಳ್ಳಿಗೆ ರೋಗವಿರಲಿಲ್ಲವೆಂದು ಅದೇ ಮೈಕಿನಲ್ಲಿ ಒಂದು ಮಾತು ಹೇಳಿ. ಪೂಜೆ ಮಾಡಲೇಬೇಕೆನಿಸಿದರೆ ಗೇಟಿನ ಹೊರಗೆ ಧಾರಾಳವಾಗಿ ಮಾಡಿ, ಪ್ರಸಾದಕ್ಕೆ ನಾವೂ ಬರುತ್ತೇವೆ.

ಬೇಗ ಹೇಳಿ. "ರೋಗಿಷ್ಟೆ ಅಂದೋರ ಮನೇಲಿ ಮಗೀನ ಬಿಡಾಕಾಯ್ತದಾ? ನಾನೇ ಓಗಿ ಕರ್ಕಂಡು ಬತ್ತೀನಿ" ಎಂದು ಅತ್ತೆ ಪಟ್ಟು ಹಿಡಿದಿದ್ದಾರೆ. ಬಾಟಲಿಯೊಳಗಿನ ಎಳೆ ಸಸಿಗೆ ಹೊರಗಿನ ಗಾಳಿ ಬಿಸಿಲು ಇನ್ನೂ ಒಗ್ಗಿಲ್ಲ, ಈಗಲೇ ತೆಗೆದರೆ ಹಳೇಕೋಟೆ ತಲುಪುವ ಮೊದಲೇ ಬಾಡುತ್ತದೆ ಎಂದಿದ್ದಾಳೆ ಯಶಸ್ವಿನಿ. ಅದನ್ನು ಅತ್ತೆಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅವರು ಬುಟ್ಟಿಯೊಳಗೆ ಹಾಸಲು ತಮ್ಮ ಮೆತ್ತನೆಯ ಹಳೇ ಸೀರೆಯೊಂದನ್ನು ಒಗೆದು ಒಣಹಾಕಿದ್ದಾರೆ.

ಇಂತಿ,
ಸಾಹೇಬರಿಗೂ ಅತ್ತೆಗೂ ನಡುವೆ ಸಿಕ್ಕಿಕೊಂಡಿರುವ ಸೊಸೆ,
ಪುಷ್ಪಾವತಿ, ಹಳೇಕೋಟೆ